ಏರಿಳಿಯುವ ಮೇಜು: ನಲವತ್ತು ದಾಟಿದವರಿಗೆ ಎಷ್ಟು ಉಪಯೋಗ, ಎಲ್ಲಿ ಕೈಕೊಡುತ್ತದೆ?

ತೀರ್ಪು ಮೊದಲೇ ಹೇಳಿಬಿಡೋಣ. ಗುಂಡಿ ಒತ್ತಿದರೆ ಏರಿಳಿಯುವ ಮೋಟರ್ ಮೇಜು ಮೇಜಾಗಿ ಚೆನ್ನಾಗಿದೆ, ವ್ಯಾಯಾಮದ ಸಾಧನವಾಗಿ ದಂಡ. ಕೂತಿರುವುದಕ್ಕಿಂತ ನಿಂತಿದ್ದರೆ ಗಂಟೆಗೆ ಹೆಚ್ಚಾಗಿ ಖರ್ಚಾಗುವುದು ಸುಮಾರು 9 ಕಿಲೊಕ್ಯಾಲೊರಿ. ದಿನಕ್ಕೆ ಆರು ಗಂಟೆ ಕಾಲು ನೋಯಿಸಿಕೊಂಡು ಗಳಿಸಿದ್ದನ್ನು ಕಾಲು ಗಂಟೆಯ ಬಿರುಸು ನಡಿಗೆ ಕೊಟ್ಟುಬಿಡುತ್ತದೆ. ಬೊಜ್ಜು ಕರಗುತ್ತದೆಂಬ ಜಾಹೀರಾತು ನಂಬಿ ಕೊಂಡವರ ಮೇಜು ಕೆಲವೇ ತಿಂಗಳಲ್ಲಿ ಕೆಳಗಿಳಿದು ಮಾಮೂಲಿ ಮೇಜಾಗುವುದು ಇದೇ ಕಾರಣಕ್ಕೆ.

ಹಾಗಾದರೆ ಯಾಕೆ ಕೊಳ್ಳಬೇಕು? ಅಮೆರಿಕದ ನರ್ಸ್‌ಗಳ ಆರೋಗ್ಯ ಅಧ್ಯಯನದಲ್ಲಿ 50 ದಾಟಿದ 45,176 ಮಹಿಳೆಯರನ್ನು 20 ವರ್ಷ ಗಮನಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ ಟಿವಿ ಮುಂದೆ ಕೂರುವ ಪ್ರತಿ ಎರಡು ಗಂಟೆ ಹೆಚ್ಚಿದಂತೆ ಆರೋಗ್ಯವಾಗಿ ವಯಸ್ಸಾಗುವ ಸಂಭವ ಶೇ. 12ರಷ್ಟು ಕಡಿಮೆ, ಕೆಲಸದ ಜಾಗದಲ್ಲಿ ಎರಡು ಗಂಟೆ ಹಗುರ ಓಡಾಟ ಹೆಚ್ಚಿದರೆ ಶೇ. 6ರಷ್ಟು ಜಾಸ್ತಿ. ಕನಿಷ್ಠ 70ರವರೆಗೆ ಬದುಕಿ, ದೊಡ್ಡ ಕಾಯಿಲೆಗಳಿಲ್ಲದೆ, ನೆನಪು, ಮೈ, ಮನಸ್ಸು ನೆಟ್ಟಗಿರುವುದನ್ನು ಅವರು ಆರೋಗ್ಯಕರ ಮುಪ್ಪು ಎಂದು ಲೆಕ್ಕಹಾಕಿದ್ದರು. ಇದು ನಂಟು ತೋರಿಸುವ ಅಧ್ಯಯನ, ಕಾರಣವನ್ನು ಸಾಬೀತು ಮಾಡುವುದಿಲ್ಲ. ಆದರೂ ಲಾಭ ಓಡಾಟದ ಕಡೆಗೇ ವಾಲಿದೆ ಎನ್ನುವುದು ಸ್ಪಷ್ಟ. ಅದೇ ವರ್ಷ ಬ್ರಿಟನ್ನಿನ 83,013 ಜನರ ಮಣಿಕಟ್ಟಿನ ಸಾಧನಗಳ ದತ್ತಾಂಶ ನೋಡಿದಾಗ, ಹೆಚ್ಚು ನಿಂತವರಿಗೆ ಹೃದ್ರೋಗದ ಅಪಾಯವೇನೂ ತಗ್ಗಿರಲಿಲ್ಲ. ದಿನಕ್ಕೆ ಎರಡು ಗಂಟೆ ಮೀರಿ ನಿಂತವರಲ್ಲಿ ಉಬ್ಬಿದ ರಕ್ತನಾಳದಂಥ ತೊಂದರೆಗಳು ಏರುತ್ತಾ ಹೋಗಿದ್ದವು.

ಕಾರಣ ಸರಳ. ತೊಡೆ, ಮೀನಖಂಡದ ಸ್ನಾಯುಗಳು ಸಂಕುಚಿಸಿದಾಗ ರಕ್ತದಲ್ಲಿರುವ ಗ್ಲೂಕೋಸನ್ನು ಇನ್ಸುಲಿನ್ ನೆರವಿಲ್ಲದೆಯೂ ಎಳೆದುಕೊಳ್ಳುತ್ತವೆ. ಕಂಬದ ಹಾಗೆ ನಿಂತರೆ ಆ ಸಂಕೋಚನ ತೀರಾ ಕಡಿಮೆ. 2012ರ ಆಸ್ಟ್ರೇಲಿಯದ ಪ್ರಯೋಗವೊಂದರಲ್ಲಿ 45–65 ವಯಸ್ಸಿನ, ತೂಕ ಹೆಚ್ಚಿದ್ದವರು ಪ್ರತಿ 20 ನಿಮಿಷಕ್ಕೆ 2 ನಿಮಿಷ ನಡೆದಾಗ ಆಹಾರದ ನಂತರದ ಗ್ಲೂಕೋಸ್ ಮತ್ತು ಇನ್ಸುಲಿನ್ ಎರಡೂ ಇಳಿದಿದ್ದವು. ಮೇಜಿನ ನಿಜವಾದ ಬೆಲೆ ಇಲ್ಲಿದೆ: ಈಗಾಗಲೇ ನಿಂತಿರುವವರು ಎರಡು ನಿಮಿಷ ಅತ್ತಿತ್ತ ಹೋಗಿಬರಲು ಅಷ್ಟಾಗಿ ಸೋಮಾರಿತನ ಮಾಡುವುದಿಲ್ಲ.

ಕೊಳ್ಳುವಾಗ ಎಲ್ಲರೂ ಎಷ್ಟು ಮೇಲೇರುತ್ತದೆ ಎಂದು ಕೇಳುತ್ತಾರೆ. ಕೇಳಬೇಕಾದ್ದು ಎಷ್ಟು ಕೆಳಗಿಳಿಯುತ್ತದೆ ಎಂದು. ಎರಡು ಹಂತದ, ಅಂದರೆ ಒಂದರೊಳಗೊಂದು ಜಾರುವ ಎರಡು ಕೊಳವೆಗಳ, ಕಾಲುಗಳ ಮೇಜು ಸಾಮಾನ್ಯವಾಗಿ 70–72 ಸೆಂ.ಮೀ.ಗೆ ನಿಂತುಬಿಡುತ್ತದೆ, ಮೂರು ಹಂತದ್ದು 60–62ರವರೆಗೆ ಇಳಿಯುತ್ತದೆ. ಪಾದ ನೆಲಕ್ಕೂರಿ, ಮೊಣಕೈ 90 ಡಿಗ್ರಿ ಮಡಚಿ ಕೂತು ನೆಲದಿಂದ ಮೊಣಕೈವರೆಗೆ ಅಳೆಯಿರಿ. ಕೆಲಸದ ಹೊತ್ತಿನ ಪಾದರಕ್ಷೆ ಹಾಕಿಕೊಂಡು ನಿಂತು ಇನ್ನೊಮ್ಮೆ. 155 ಸೆಂ.ಮೀ. ಎತ್ತರದವರಿಗೆ ಇದು ಅಂದಾಜು 62 ಮತ್ತು 97, 170ರವರಿಗೆ 67 ಮತ್ತು 106 ಬರುತ್ತದೆ. ಅಂದರೆ ಗಿಡ್ಡನೆಯವರಿಗೆ ಎರಡು ಹಂತದ ಮೇಜು ಕೂತಾಗ ಎತ್ತರವಾಗುತ್ತದೆ, ಹೆಗಲು ಮೇಲೇರುತ್ತದೆ, ಸಂಜೆಗೆ ಕತ್ತು ಹಿಡಿಯುತ್ತದೆ. ಪೆಟ್ಟಿಗೆಯ ಮೇಲೆ ಬರೆದ ಎತ್ತರ ಎಷ್ಟೋ ಸಲ ಬರೀ ಚೌಕಟ್ಟಿನದ್ದು, ಹಲಗೆಯ 2.5 ಸೆಂ.ಮೀ. ಅದಕ್ಕೆ ಸೇರಿಸಿಕೊಳ್ಳಬೇಕು.

ಪರದೆ ತೋಳಿನುದ್ದ ದೂರದಲ್ಲಿ, ಮೇಲಂಚು ಕಣ್ಣಿನ ಮಟ್ಟಕ್ಕೆ ಎನ್ನುವುದು ಮಾಮೂಲಿ ಸಲಹೆ. ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕದವರಿಗೆ ಅದು ಸರಿಹೋಗದು. ಓದುವ ಭಾಗ ಗಾಜಿನ ಕೆಳಗಿರುವುದರಿಂದ ಗಲ್ಲ ಎತ್ತಿ ನೋಡಬೇಕಾಗುತ್ತದೆ. ಪರದೆಯನ್ನು ಇನ್ನೂ ನಾಲ್ಕೈದು ಸೆಂ.ಮೀ. ಇಳಿಸಿ. ಲ್ಯಾಪ್‌ಟಾಪಾದರೆ ಬೇರೆ ಕೀಬೋರ್ಡ್ ಇಲ್ಲದೆ ಈ ಮೇಜು ಕೊಳ್ಳುವುದೇ ವ್ಯರ್ಥ.

ಒಂದು ಮೋಟರಿನ ಮೇಜಿನಲ್ಲಿ ಎರಡೂ ಕಾಲನ್ನು ಒಂದೇ ಸರಳು ತಿರುಗಿಸುತ್ತದೆ. ಸೆಕೆಂಡಿಗೆ ಸುಮಾರು 25 ಮಿ.ಮೀ. ವೇಗ, 70–80 ಕೆ.ಜಿ. ಹೊರೆ. ಎರಡು ಮೋಟರಿನದು 35–38 ಮಿ.ಮೀ., 100 ಕೆ.ಜಿ. ದಾಟುತ್ತದೆ. 40 ಸೆಂ.ಮೀ. ಏರಲು ಹದಿನಾರು ಸೆಕೆಂಡ್ ಬದಲು ಹನ್ನೊಂದು, ಅಷ್ಟೇ ಫರಕು. ಅದಕ್ಕಿಂತ ಎತ್ತರ ನೆನಪಿಟ್ಟುಕೊಳ್ಳುವ ಗುಂಡಿ ಮುಖ್ಯ. ಅದಿಲ್ಲದಿದ್ದರೆ ಪ್ರತಿ ಸಲ ಒತ್ತಿ ಹಿಡಿದು ಸರಿಮಾಡುವ ರಗಳೆಗೆ ಬೇಸತ್ತು ಬಳಕೆ ನಿಲ್ಲುತ್ತದೆ. ಅಂಗಡಿಯಲ್ಲಿ ನೋಡುವುದಾದರೆ ಪೂರ್ತಿ ಮೇಲೇರಿಸಿ ಟೈಪ್ ಮಾಡಿ. 110 ಸೆಂ.ಮೀ. ಮೇಲೆ ಹಿಂದುಮುಂದಕ್ಕೆ ಅಲುಗಾಡುವುದು ಅಗ್ಗದ ಚೌಕಟ್ಟುಗಳ ಹುಟ್ಟುಗುಣ. ಒಳ್ಳೆಯದಾದರೂ ಜೋಡಿಸಿದ ಎರಡು ವಾರಕ್ಕೆ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಮಾಡಬೇಕು.

ಕೆಡುವ ರೀತಿಗಳು ಹೆಚ್ಚೇನಿಲ್ಲ. ಒಂದು ಕಾಲು ತಗ್ಗಿದರೆ ಅಥವಾ ಎರರ್ ತೋರಿಸಿದರೆ ಬಹುತೇಕ ಮೇಜುಗಳಲ್ಲಿ ಪೂರ್ತಿ ಕೆಳಗಿಳಿಸಿ, ಇಳಿಸುವ ಗುಂಡಿಯನ್ನು ಮತ್ತೆ ಹತ್ತು ಸೆಕೆಂಡ್ ಹಿಡಿಯಬೇಕು. ತುಸು ತಗ್ಗಿ ಎದ್ದರೆ ರೀಸೆಟ್ ಆಯಿತು. ಏರಿಸಿ ಇಳಿಸಿ ಆಟವಾಡಿದರೆ ಮೋಟರ್ ಬಿಸಿಯಾಗಿ ಲಾಕ್ ಆಗುತ್ತದೆ. 2 ನಿಮಿಷ ಓಡಿದರೆ 18 ನಿಮಿಷ ವಿರಾಮ ಬೇಕು. ಹೆಚ್ಚಿನ ಅನಾಹುತ ಕೇಬಲ್ಲುಗಳದ್ದೇ: ಕೂತಾಗ ಸಾಕೆನಿಸಿದ ವೈರು ಮೇಲೇರುವಾಗ ಮಾನಿಟರನ್ನೇ ಎಳೆಯುತ್ತದೆ. ಎಕ್ಸ್‌ಟೆನ್ಶನ್ ಬೋರ್ಡನ್ನು ಹಲಗೆಯ ಅಡಿಗೇ ಸ್ಕ್ರೂ ಮಾಡಿದರೆ ಗೋಡೆಗೆ ಹೋಗುವುದು ಒಂದೇ ವೈರು.

ಮೊದಲ ವಾರ ಒಂದು ಸಲಕ್ಕೆ 10–15 ನಿಮಿಷ ನಿಂತರೆ ಸಾಕು. ಆಮೇಲೂ ಅರ್ಧ ಗಂಟೆ ಮೀರಬೇಡಿ, ನಡುವೆ ಆ ಎರಡು ನಿಮಿಷದ ನಡಿಗೆ ತಪ್ಪಿಸಬೇಡಿ. ಮಂಡಿ ಬಿಗಿದು ನಿಲ್ಲಬಾರದು, 10–15 ಸೆಂ.ಮೀ. ಎತ್ತರದ ಮಣೆಯ ಮೇಲೆ ಒಂದೊಂದೇ ಪಾದ ಬದಲಿಸುತ್ತಿದ್ದರೆ ಸೊಂಟಕ್ಕೆ ಆರಾಮ. ಕಾಲಡಿಯ ಮ್ಯಾಟ್ ಎರಡು ಸೆಂ.ಮೀ. ದಪ್ಪವಿದ್ದು ಅಂಚು ಇಳಿಜಾರಾಗಿರಲಿ, ಇಲ್ಲದಿದ್ದರೆ ಎಡವುತ್ತೀರಿ.

ಮೇಜಿನಡಿ ಇಟ್ಟು ನಡೆಯುವ ಚಪ್ಪಟೆ ಟ್ರೆಡ್‌ಮಿಲ್, ಅಂದರೆ ವಾಕಿಂಗ್ ಪ್ಯಾಡ್, ದೇಹಕ್ಕೆ ಇದಕ್ಕಿಂತ ಹೆಚ್ಚು ಕೊಡುತ್ತದೆ. ಗಂಟೆಗೆ 2 ಕಿ.ಮೀ. ಆಸುಪಾಸಿನ ವೇಗದಲ್ಲಿ ಓದು, ಫೋನ್ ಮಾತು ಸಲೀಸು. ಮೌಸ್ ಕೆಲಸ ಕಷ್ಟ. ಪ್ಯಾಡಿನ ಎತ್ತರ 10–15 ಸೆಂ.ಮೀ. ಇರುತ್ತದೆ, ಮೇಜು ಅಷ್ಟು ಹೆಚ್ಚು ಏರಬೇಕು ಎನ್ನುವುದನ್ನು ಬಹಳ ಜನ ಮರೆಯುತ್ತಾರೆ. ಹಿಡಿಕೆ ಇರುವುದಿಲ್ಲವಾದ್ದರಿಂದ ತಲೆಸುತ್ತು, ಪಾದದ ಮರಗಟ್ಟುವಿಕೆ ಇರುವವರಿಗೆ ಬೇಡ. ಪೆಡಲ್ ಯಂತ್ರ ನಮ್ಮ ಶಿಫಾರಸಲ್ಲ: ಮಂಡಿ ಹಲಗೆಗೆ ತಾಗುತ್ತದೆ, ಗಾಲಿಯಿರುವ ಆಫೀಸ್ ಕುರ್ಚಿ ಹಿಂದಕ್ಕೆ ಜಾರುತ್ತದೆ.

ಇವು ಯಾವುವೂ ತೊಡೆಗೆ ಬಲ ಕೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150–300 ನಿಮಿಷದ ಮಧ್ಯಮ ಚಟುವಟಿಕೆಯ ಜೊತೆ ಎರಡು ದಿನ ಸ್ನಾಯುಬಲದ ವ್ಯಾಯಾಮವನ್ನೂ ಹೇಳುತ್ತದೆ. ಅದಕ್ಕೆ ಮನೆಯಲ್ಲಿರುವ ಗಟ್ಟಿ ಕುರ್ಚಿಯೇ ಸಾಕು: ಕೈ ಎದೆಗೆ ಕಟ್ಟಿ ಹತ್ತು ಸಲ ಎದ್ದು ಕೂರುವುದು, ವಿರಾಮ ಕೊಟ್ಟು ಮೂರು ಸುತ್ತು, ಇಳಿಯುವಾಗ ನಿಧಾನ. ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಏಳಬಲ್ಲಿರಿ ಎಂದು ಎಣಿಸಿಡಿ. 60–64ರ ಗಂಡಸರಲ್ಲಿ 14ಕ್ಕಿಂತ, ಹೆಂಗಸರಲ್ಲಿ 12ಕ್ಕಿಂತ ಕಡಿಮೆ ಬಂದರೆ ಸರಾಸರಿಗಿಂತ ಕೆಳಗೆ. ಕುರ್ಚಿಯ ಬೆನ್ನು ಗೋಡೆಗೆ ಒರಗಿರಲಿ, ಆಸನ ಸುಮಾರು 43 ಸೆಂ.ಮೀ. ಎತ್ತರವಿರಲಿ. ಮೇಜಿನ ಮುಂದಿನ ಗಾಲಿಯಿರುವ ಆಫೀಸ್ ಕುರ್ಚಿಯಲ್ಲಂತೂ ಇದನ್ನು ಮಾಡಬೇಡಿ.