ತೋಟದ ಮೋಟಾರ್ ಬೋರ್ಡಿಗೆ ಯಾವ ಚಿಪ್?

ಮೂಡಿಗೆರೆ ತೋಟದ ಮೋಟಾರುಗಳಿಗೆ ಹೊತ್ತಿಗೆ ಸರಿಯಾಗಿ ಆನ್-ಆಫ್ ಮಾಡುವ ಹತ್ತು ಟೈಮರ್ ಬೋರ್ಡ್ ಮಾಡಬೇಕು ಅಂದಿದ್ದೀರಿ. ಬೆಲೆ ಆಮೇಲೆ. ಸಿಡಿಲಿಗೆ ಚಿಪ್ ಸುಟ್ಟರೆ ಬದಲಿ ಸಿಗುತ್ತಾ ಅಂತ ಮೊದಲು ನೋಡಿ.

ಎಟಿಮೆಗಾ 328ಪಿ ಹಳೇ ಚಿಪ್, ನಿಧಾನ. ಆದರೆ 28 ಕಾಲಿನ ಡಿಪ್ ರೂಪದಲ್ಲಿ, ಅಂದರೆ ಎರಡು ಸಾಲು ಕಾಲುಗಳಿದ್ದು ಸಾಕೆಟ್ಟಿಗೆ ಕೂರುವ ಹಾಗೆ, ಬರುತ್ತದೆ. ಪ್ರೋಗ್ರಾಂ ತುಂಬಿದ ಒಂದೆರಡು ಡಬ್ಬಿಯಲ್ಲಿಟ್ಟರೆ, ಸುಟ್ಟಿದ್ದನ್ನು ಸಾಕೆಟ್‌ನಿಂದ ಎಬ್ಬಿಸಿ ಹೊಸದು ಕೂರಿಸಬಹುದು. ಸಾಲ್ಡರಿಂಗ್ ಬೇಡ. ಅದು ಸಿಗದಿದ್ದರೆ ಅದೇ ಕಾಲುಗಳ ಎಟಿಮೆಗಾ 168 ಇದೆ, ಮೆಮೊರಿ ಅರ್ಧ. ಟೈಮರ್‌ಗೆ ಅಷ್ಟು ಸಾಕು.

ಇಎಸ್‌ಪಿ32ರಲ್ಲಿ ವೈಫೈ ಒಳಗೇ ಇದೆ. ಮನೆ ಹತ್ತಿರದ ಮೋಟಾರ್ ಆದರೆ ಇದೇ ಸರಿ, ಫೋನಿನಲ್ಲೇ ನೋಡಬಹುದು. ಗುಡ್ಡದಾಚೆಯ ಕೆರೆಗೆ ವೈಫೈ ಎಲ್ಲಿಂದ ಬರಬೇಕು, ಅಲ್ವಾ?

ಎಸ್‌ಟಿಎಂ32 ವೇಗದ್ದು, ಆದರೆ 2021ರ ಚಿಪ್ ಕೊರತೆಯಲ್ಲಿ ಸಿಗುವುದೇ ಕಷ್ಟವಾಗಿತ್ತು. ಆಗ ನಾನು ಅಗ್ಗಕ್ಕೆ ತರಿಸಿದ ಐದರಲ್ಲಿ ಎರಡು ನಕಲಿ. ವೇಗ ನಿಜಕ್ಕೂ ಬೇಕಿದ್ದರೆ ಮಾತ್ರ, ಅಧಿಕೃತ ಡೀಲರ್ ಹತ್ತಿರ ತಗೊಳ್ಳಿ.