ಕ್ಯಾಮೆರಾ ಮುಂದೆ ನಿಲ್ಲುವ ಟೊಮೆಟೊ ಬೇಕಾ? ರಸೆಲ್ ಮಾರ್ಕೆಟ್‌ಗೆ ಹೋಗಿ

ಫುಡ್ ಸ್ಟೈಲಿಂಗ್ ಕೆಲಸಕ್ಕೆ ಹೊಸದಾಗಿ ಬಂದವರು ನನ್ನನ್ನು ಕೇಳುವುದು ಗ್ಲಿಸರಿನ್ ಬಗ್ಗೆ, ಚಿಮಟದ ಬಗ್ಗೆ, ಹಬೆ ಹೇಗೆ ಬರಿಸುತ್ತೀರಿ ಅಂತ. ಅದೆಲ್ಲ ಆಮೇಲಿನ ಮಾತು. ಮೊದಲು ಕೇಳಬೇಕಾದ್ದು ಸಾಮಾನು ಎಲ್ಲಿ ತಗೊಳ್ತೀರಿ ಅಂತ. ಹಣ್ಣು ತರಕಾರಿ ಮಟ್ಟಿಗೆ ನನ್ನ ಉತ್ತರ ಒಂದೇ: ಶಿವಾಜಿನಗರದ ರಸೆಲ್ ಮಾರ್ಕೆಟ್. ಬೆಂಗಳೂರಿನಲ್ಲಿ ಇದಕ್ಕಿಂತ ಅಗ್ಗದ ಜಾಗ ಇದೆ, ಇದಕ್ಕಿಂತ ಚೊಕ್ಕ ಜಾಗಗಳಂತೂ ಬೇಕಾದಷ್ಟಿವೆ. ಆದರೂ ನಾನು ಇಲ್ಲಿಗೇ ಹೋಗುತ್ತೇನೆ. ಕಾರಣ ಒಂದೇ, ಇಲ್ಲಿ ಒಂದೊಂದೇ ಎತ್ತಿ, ತಿರುಗಿಸಿ, ನೋಡಿ ಆರಿಸಲು ಬಿಡುತ್ತಾರೆ.

ನಮ್ಮ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಮಸಾಲೆ ಪೊಟ್ಟಣದ ಮೇಲಿನ ಸಾಂಬಾರಿನ ಬಟ್ಟಲು, ಜ್ಯೂಸ್ ಜಾಹೀರಾತಿನ ಕಿತ್ತಳೆ ಹೋಳು, ಹೋಟೆಲ್ ಮೆನುವಿನ ಬಿಸಿಬೇಳೆ ಭಾತ್, ಇವನ್ನೆಲ್ಲ ಕ್ಯಾಮೆರಾಗೆ ಸಿದ್ಧ ಮಾಡಿ ಕೊಡುವುದು ನಾವು. ಸೆಟ್‌ನಲ್ಲಿ ಎರಡು ತಟ್ಟೆ ಇರುತ್ತವೆ. ಲೈಟ್ ಹೊಂದಿಸುವಾಗ ಇಡುವುದು ಸ್ಟ್ಯಾಂಡ್-ಇನ್. ಎಲ್ಲ ಸರಿ ಆದಮೇಲೆ ಕೊನೆಗೆ ಬರುವುದು ಹೀರೋ. ಆ ಹೀರೋ ತಟ್ಟೆಗೆ ಮೂರು ಟೊಮೆಟೊ ಬೇಕಿದ್ದರೆ ನಾನು ಮೂರು ಕೆಜಿ ತರುತ್ತೇನೆ, ಅದನ್ನೂ ಅಳೆದು ತೂಗಿ ಆರಿಸಿ ತರುತ್ತೇನೆ. ಮ್ಯಾಕ್ರೋ ಲೆನ್ಸ್ ಹಾಕಿದರೆ ಸಾಸಿವೆ ಕಾಳಿನಷ್ಟು ಕಲೆಯೂ ಪರದೆ ಮೇಲೆ ದೊಡ್ಡದಾಗಿ ಕಾಣುತ್ತದೆ.

ಟೊಮೆಟೊನೇ ತಗೊಳ್ಳಿ. ಅಡುಗೆಗೆ ತರುವಾಗ ಗಟ್ಟಿ ಇದೆಯಾ, ಹಣ್ಣಾಗಿದೆಯಾ ಅಂತ ನೋಡುತ್ತೇವೆ. ನಾನು ಮೊದಲು ನೋಡುವುದು ತೊಟ್ಟಿನ ಸುತ್ತ ಇರುವ ಹಸಿರು ಎಸಳುಗಳನ್ನು. ಅವು ಐದಾರು ಇರುತ್ತವೆ, ಮೇಲಕ್ಕೆ ಎದ್ದು ನಿಂತಿರಬೇಕು. ಒಣಗಿ ಸುರುಟಿದ್ದರೆ ಹಣ್ಣು ಎಷ್ಟೇ ಚೆನ್ನಾಗಿದ್ದರೂ ಹಳೆಯದು ಅಂತ ನೋಡುವವರಿಗೆ ಅನಿಸಿಬಿಡುತ್ತದೆ. ಯಾಕೆ ಅಂತ ಅವರಿಗೂ ಹೇಳಲು ಬರುವುದಿಲ್ಲ, ಆದರೆ ಅನಿಸುತ್ತದೆ. ಆಮೇಲೆ ಹೆಗಲು, ಅಂದರೆ ತೊಟ್ಟಿನ ಸುತ್ತಲಿನ ಭಾಗ. ಅಲ್ಲಿ ಹಳದಿ ಉಂಗುರ ಇರಬಾರದು. ಆಮೇಲೆ ಸಿಪ್ಪೆ. ಕ್ರೇಟಿನಲ್ಲಿ ಒಂದಕ್ಕೊಂದು ಉಜ್ಜಿ ಆದ ಸಣ್ಣ ಗೀರು ಎಲ್ಲಿದೆ ಅಂತ ಬೆರಳಿನಿಂದ ಮುಟ್ಟಿ ನೋಡಬೇಕು. ಕೊನೆಗೆ ಅದನ್ನು ಚಪ್ಪಟೆ ಜಾಗದಲ್ಲಿ ಇಟ್ಟು ಬಿಡುತ್ತೇನೆ. ತಾನಾಗೇ ಉರುಳದೆ ನಿಂತರೆ ಅದು ನನ್ನ ಬುಟ್ಟಿಗೆ.

ಇಷ್ಟೆಲ್ಲ ಮಾಡುತ್ತಾ ನಿಂತರೆ ಯಾವ ಅಂಗಡಿಯವನಾದರೂ ಬೈಯುತ್ತಾನೆ, ಅಲ್ವಾ? ಇಲ್ಲಿ ಬೈಯುವುದಿಲ್ಲ. ನಾನು ಕಾಯಂ ಹೋಗುವ ಅಂಗಡಿಯ ಭಾಯ್ ನನ್ನ ಮುಖ ಕಂಡ ತಕ್ಷಣ ಕೇಳುವುದು ಒಂದೇ ಪ್ರಶ್ನೆ: "ಅಕ್ಕಾ, ಇವತ್ತು ಫೋಟೋಗಾ, ಮನೆಗಾ?" ಮನೆಗೆ ಅಂದರೆ ಮುಂದಿನ ರಾಶಿಯಿಂದಲೇ ತೂಗಿ ಕೊಡುತ್ತಾರೆ. ಫೋಟೋಗೆ ಅಂದರೆ ಹಿಂದಿನಿಂದ ಇನ್ನೂ ಒಡೆಯದ ಬಾಕ್ಸ್ ಎಳೆದು, ಒಂದು ಗೋಣಿ ಹಾಸಿ, "ನೋಡ್ಕೊಳಿ" ಅಂತ ಬಿಟ್ಟು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಹೀಗೆ ಆರಿಸಿದ್ದಕ್ಕೆ ಕೆಜಿಗೆ ಸ್ವಲ್ಪ ಜಾಸ್ತಿ ಹಾಕುತ್ತಾರೆ. ನ್ಯಾಯವೇ. ಒಳ್ಳೆಯದನ್ನೆಲ್ಲ ನಾನು ಎತ್ತಿಕೊಂಡು ಹೋದರೆ ಉಳಿದದ್ದನ್ನು ಅವರು ಮಾರಬೇಕಲ್ಲ. ಹೊಸಬರಿಗೆ ಒಂದು ಮಾತು: ಇಲ್ಲಿ ಮೊದಲ ಬೆಲೆ ಜಾಸ್ತಿಯೇ ಹೇಳುತ್ತಾರೆ, ಚೌಕಾಸಿ ಮಾಡಿ. ಆದರೆ ಅರ್ಧ ಬಾಕ್ಸ್ ತಿರುವಿ ಹಾಕಿದ ಮೇಲೆ ಚೌಕಾಸಿ ಬೇಡ. ಬೆಲೆ ಮಾತಾಡಿಕೊಂಡೇ ಬಾಕ್ಸಿಗೆ ಕೈ ಹಾಕಿ.

ಹಣ್ಣಿನ ಸಾಲು ಈ ಮಾರ್ಕೆಟ್ಟಿನ ಜೀವ. ಡ್ರ್ಯಾಗನ್ ಫ್ರೂಟ್, ಮ್ಯಾಂಗೋಸ್ಟೀನ್, ರಂಬುಟಾನ್, ಬೆಣ್ಣೆಹಣ್ಣು, ಚಳಿಗಾಲದಲ್ಲಿ ಸ್ಟ್ರಾಬೆರಿ, ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತವೆ. ನಮ್ಮ ಕೆಲಸದ ದೊಡ್ಡ ಕಷ್ಟ ಏನೆಂದರೆ ಜಾಹೀರಾತು ಯಾವಾಗಲೂ ಸೀಸನ್ನಿಗಿಂತ ಮುಂದೆ ಓಡುತ್ತದೆ. ಬೇಸಿಗೆಗೆ ಬರುವ ಮಾವಿನ ಜ್ಯೂಸಿನ ಜಾಹೀರಾತನ್ನು ಚಳಿ ಇರುವಾಗಲೇ ಶೂಟ್ ಮಾಡಬೇಕು. ಆಗ ರಸಪುರಿ, ಬಾದಾಮಿ ಎಲ್ಲಿ ಸಿಗಬೇಕು? ಅಂಥ ಹೊತ್ತಿನಲ್ಲಿ ಎಲ್ಲಿಂದಲೋ ಬಂದ ಮುಂಗಡ ಮಾವು ಸಿಕ್ಕರೆ ಇಲ್ಲೇ ಸಿಗಬೇಕು. ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಇಡೀ ಶೂಟ್ ನಿಂತು ಹೋಗುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ದಾಳಿಂಬೆ ಕೊಳ್ಳುವಾಗ ಒಂದು ಹಣ್ಣನ್ನು ಅಲ್ಲೇ ಬಿಡಿಸಿ ತೋರಿಸಲು ಕೇಳಿ, ತೋರಿಸುತ್ತಾರೆ. ಅವರು ಬಿಡಿಸುವುದನ್ನು ನೋಡುವುದೇ ಒಂದು ಪಾಠ. ಮಧ್ಯಕ್ಕೆ ಚಾಕು ಹಾಕಿ ಕೊಯ್ಯುವುದಿಲ್ಲ. ಮೇಲಿನ ಕಿರೀಟದ ಸುತ್ತ ಸಿಪ್ಪೆಯಷ್ಟೇ ಆಳಕ್ಕೆ ಕೊರೆದು ತೆಗೆಯುತ್ತಾರೆ. ಒಳಗೆ ಬಿಳಿ ಗೋಡೆಗಳು ಕಾಣುತ್ತವೆ. ಆ ಗೋಡೆ ಇರುವ ಕಡೆ ಹೊರಗಿನಿಂದ ಉದ್ದಕ್ಕೆ ಗೆರೆ ಎಳೆದು, ಎರಡೂ ಹೆಬ್ಬೆರಳು ಇಟ್ಟು ಬಿಡಿಸುತ್ತಾರೆ. ಒಂದು ಕಾಳೂ ಒಡೆಯುವುದಿಲ್ಲ, ರಸ ಬಿಳಿ ಪೊರೆಗೆ ಹತ್ತುವುದಿಲ್ಲ. ಕ್ಯಾಮೆರಾಗೆ ಬೇಕಾದ್ದು ಇದೇ ಬಿಳಿ, ಇದೇ ಕೆಂಪು. ಚಾಕುವಿನಿಂದ ಎರಡು ಹೋಳು ಮಾಡಿದ ದಾಳಿಂಬೆ ಸ್ವಲ್ಪ ಹೊತ್ತಿಗೇ ಕಂದು ಬಣ್ಣದ ಗಾಯ ಆಗುತ್ತದೆ, ಅದನ್ನು ಯಾವ ಎಡಿಟಿಂಗ್ ಕೂಡ ಸರಿ ಮಾಡುವುದಿಲ್ಲ.

ಮನೆಗೇ ತಂದುಕೊಡುವ ಆ್ಯಪ್‌ಗಳ ಬಗ್ಗೆ ಹೇಳಲೇಬೇಕು, ಯಾಕೆಂದರೆ ಈಗಿನ ಪ್ರೊಡಕ್ಷನ್ ಹುಡುಗರು ಮೊದಲು ತೆಗೆಯುವುದು ಫೋನ್. ಹತ್ತು ನಿಮಿಷದಲ್ಲಿ ಬರುತ್ತದೆ, ನಿಜ. ಬೆಣ್ಣೆ, ಮೊಸರು, ಟಿಶ್ಯೂ, ಐಸ್ ಇದಕ್ಕೆಲ್ಲ ಆಗಬಹುದು. ಆದರೆ ಕೊತ್ತಂಬರಿ ಸೊಪ್ಪು ತರಿಸಿ ನೋಡಿ. ಬೇರು ಕತ್ತರಿಸಿ, ಪ್ಲಾಸ್ಟಿಕ್ಕಿನಲ್ಲಿ ಒತ್ತಿ, ಬೆವರಿಸಿ ಕಳಿಸಿರುತ್ತಾರೆ. ಒಂದು ಮಸಾಲೆ ಶೂಟ್‌ನಲ್ಲಿ ಹೀಗೆ ಬಂದ ಸೊಪ್ಪು ಲೈಟ್ ಕೆಳಗೆ ಇಟ್ಟ ಕೂಡಲೇ ತಲೆ ಬಾಗಿಸಿತು. ಕ್ಲೈಂಟ್ ಕೂತು ನೋಡುತ್ತಿದ್ದರು. ಹುಡುಗನನ್ನು ಶಿವಾಜಿನಗರಕ್ಕೆ ಓಡಿಸಿ, ಬೇರು ಸಮೇತ ಎರಡು ಕಟ್ಟು ತರಿಸಿದ ಮೇಲೆಯೇ ಕೆಲಸ ಮುಂದುವರಿದದ್ದು. ಬೇರು ಇದ್ದರೆ ಮಣ್ಣು ತೊಳೆದು ತಣ್ಣೀರಿನ ಲೋಟದಲ್ಲಿ ನಿಲ್ಲಿಸಿ, ಮೇಲೆ ಒದ್ದೆ ಬಟ್ಟೆ ಹೊದಿಸಿಡಬಹುದು. ಅರ್ಧ ದಿನ ನೆಟ್ಟಗೆ ನಿಲ್ಲುತ್ತದೆ. ಪುದೀನಕ್ಕೂ ಇದೇ ಉಪಾಯ, ಆದರೆ ಶಾಟ್‌ಗೆ ಬೇಕಾದ್ದು ತುದಿಯ ನಾಲ್ಕು ಎಲೆ ಮಾತ್ರ.

ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ, ನೀವು ಹೇಗೂ ನಕಲಿ ಇಡುತ್ತೀರಲ್ಲ ಅಂತ ನೆಂಟರಿಷ್ಟರು ಕೇಳುತ್ತಾರೆ. ಐಸ್‌ಕ್ರೀಂ ಜಾಗದಲ್ಲಿ ಹಿಸುಕಿದ ಆಲೂಗಡ್ಡೆ, ಹಾಲಿನ ಬದಲು ಗೋಂದು, ಇಂಥ ವಿಡಿಯೊಗಳನ್ನು ಎಲ್ಲರೂ ನೋಡಿದ್ದಾರೆ. ಹಿಂದೆ ಅವೆಲ್ಲ ನಡೆದದ್ದು ಹೌದು. ಅಮೆರಿಕದಲ್ಲಿ 1960ರ ದಶಕದ ಕೊನೆಯಲ್ಲಿ ಕ್ಯಾಂಪ್‌ಬೆಲ್ ಸೂಪಿನ ಜಾಹೀರಾತಿಗೆ ಬಟ್ಟಲಿನ ತಳದಲ್ಲಿ ಗಾಜಿನ ಗೋಲಿ ಹಾಕಿದ್ದರು, ತರಕಾರಿ ಚೂರು ಮೇಲೆ ಎದ್ದು ಕಾಣಲಿ ಅಂತ. ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಅದನ್ನು ಹಿಡಿದು ನಿಲ್ಲಿಸಿತು. ನಮ್ಮಲ್ಲೂ ಈಗ ಆಹಾರದ ಜಾಹೀರಾತಿಗೆ ಅಂತಲೇ 2018ರ ನಿಯಮಗಳಿವೆ, 2019ರ ಗ್ರಾಹಕ ರಕ್ಷಣಾ ಕಾಯ್ದೆ ಇದೆ. ನಾನು ಕೆಲಸ ಮಾಡುವ ಕಡೆ ಮಾರುವ ಪದಾರ್ಥ ಅಸಲಿಯೇ ಇರಬೇಕು. ಉಪ್ಪಿನಕಾಯಿ ಮಾರುತ್ತಿದ್ದರೆ ಆ ಬಾಟಲಿಯ ಉಪ್ಪಿನಕಾಯಿಯನ್ನೇ ತಟ್ಟೆಗೆ ಹಾಕುತ್ತೇನೆ. ಹೋಳುಗಳಲ್ಲಿ ಚೆಂದದ್ದನ್ನು ಆರಿಸಬಹುದು, ಹೊಸದಾಗಿ ಹುಟ್ಟಿಸಲು ಆಗದು. ಸುಳ್ಳಿಗೆ ಜಾಗ ಕಡಿಮೆ ಆದಷ್ಟೂ ಆರಿಸುವ ಕೆಲಸ ಜಾಸ್ತಿ ಆಗಿದೆ. ನನಗೆ ಇದು ಇಷ್ಟ. ದುಡ್ಡು ಕೊಟ್ಟು ಕೊಳ್ಳುವವರಿಗೆ ಪೊಟ್ಟಣದ ಮೇಲೆ ಕಂಡದ್ದು ಪೊಟ್ಟಣದ ಒಳಗೂ ಇರಬೇಕು.

ಸಾರಿನ ಪುಡಿಯ ಜಾಹೀರಾತಿನ ಬಗ್ಗೆ ಒಂದು ವಿಷಯ. ಕ್ಲೈಂಟ್‌ಗಳು ಯಾವಾಗಲೂ ದುಂಡಗಿನ ಫಾರಂ ಟೊಮೆಟೊ ಕೇಳುತ್ತಾರೆ. ನಾನು ನಾಟಿ ಟೊಮೆಟೊ ಇಡಿ ಅಂತ ವಾದ ಮಾಡುತ್ತೇನೆ. ಅದರ ಮೈಮೇಲೆ ಗೆರೆ ಇದೆ, ಬಣ್ಣ ಒಂದೇ ಸಮ ಇಲ್ಲ, ಆದರೆ ಸಾರು ಹುಳಿಯಾಗುವುದು ಅದರಿಂದಲೇ ಅಂತ ಇಲ್ಲಿನ ಯಾವ ಗೃಹಿಣಿಗೂ ಗೊತ್ತು. ಈ ಮಾರ್ಕೆಟ್ಟಿನಲ್ಲಿ ಎರಡೂ ಅಕ್ಕಪಕ್ಕ ಸಿಗುವುದರಿಂದ ಎರಡನ್ನೂ ತಂದು ಕ್ಯಾಮೆರಾದಲ್ಲೇ ತೋರಿಸುತ್ತೇನೆ. ಕೆಲವು ಸಲ ಒಪ್ಪುತ್ತಾರೆ.

ಕಟ್ಟಡದ ಬಗ್ಗೆ ಚಿಕ್ಕದಾಗಿ. 1927ರಲ್ಲಿ ಕಟ್ಟಿದ್ದು, ಆಗ ಮುನಿಸಿಪಲ್ ಕಮಿಷನರ್ ಆಗಿದ್ದ ಟಿ.ಬಿ. ರಸೆಲ್ ಅವರ ಹೆಸರು ಇಟ್ಟರು. 2012ರಲ್ಲಿ ಬೆಂಕಿ ಬಿದ್ದು ಎಷ್ಟೋ ಅಂಗಡಿಗಳು ಸುಟ್ಟುಹೋದವು. ವ್ಯಾಪಾರಿಗಳು ಮತ್ತೆ ಅಲ್ಲೇ ಅಂಗಡಿ ಹೂಡಿದರು. ಎತ್ತರದ ಚಾವಣಿ, ಒಳಗೆ ಬಿಸಿಲು ನೇರವಾಗಿ ಬೀಳುವುದಿಲ್ಲ. ಹಣ್ಣಿಗೆ ಅದು ಒಳ್ಳೆಯದು, ನಮಗೆ ಸ್ವಲ್ಪ ತೊಂದರೆ. ಅಂಗಡಿಯ ಬಲ್ಬ್ ಬೆಳಕಿನಲ್ಲಿ ಎಲ್ಲವೂ ಇದ್ದದ್ದಕ್ಕಿಂತ ಕೆಂಪಗೆ, ಹಳದಿಯಾಗಿ ಕಾಣುತ್ತದೆ. ಹಾಗಾಗಿ ಆರಿಸಿದ್ದರಲ್ಲಿ ಒಂದೆರಡನ್ನು ಬಾಗಿಲ ಹತ್ತಿರ ತಂದು ಹಗಲು ಬೆಳಕಿನಲ್ಲಿ ನೋಡಿ, ಆಮೇಲೆ ತೂಗಿಸಿ.

ಇಲ್ಲಿ ಕೊಳ್ಳಬಾರದ್ದೂ ಇದೆ. ಬಾಳೆಲೆ, ವೀಳ್ಯದೆಲೆ, ಬಿಡಿ ಹೂವು ಬೇಕಾದರೆ ನಾನು ಕೆ.ಆರ್. ಮಾರ್ಕೆಟ್ಟಿಗೋ ಗಾಂಧಿ ಬಜಾರಿಗೋ ಹೋಗುತ್ತೇನೆ. ಬಾಳೆಲೆಯಂತೂ ಕೆ.ಆರ್. ಮಾರ್ಕೆಟ್ಟಿನಲ್ಲಿ ಬೆಳಗಿನ ಜಾವವೇ ತಗೊಳ್ಳಬೇಕು, ಹೊತ್ತು ಏರಿದರೆ ಅಂಚು ಹರಿದದ್ದೇ ಉಳಿದಿರುತ್ತದೆ. ಕುಡಿ ಬಾಳೆಲೆ ಕೇಳಿ, ಸುರುಳಿಯನ್ನು ಬಿಚ್ಚಿ ನೋಡಿ. ಹಬ್ಬದ ಊಟದ ಒಂದು ಶೂಟ್‌ನಲ್ಲಿ ತುದಿ ಎಡಕ್ಕೆ ಬರುವ ಹಾಗೆ ಎಲೆ ಹಾಕಿ, ಉಪ್ಪಿನಿಂದ ಪಾಯಸದ ತನಕ ಎಲ್ಲವನ್ನೂ ಅದರದರ ಜಾಗದಲ್ಲಿ ಬಡಿಸಿ ಕೊಟ್ಟಿದ್ದೆ. ಏಜೆನ್ಸಿಯವರು ಅಕ್ಷರ ಹಾಕಲು ಜಾಗ ಬೇಕು ಅಂತ ಇಡೀ ಚಿತ್ರವನ್ನೇ ಮಗುಚಿ ಹಾಕಿದರು. ತುದಿ ಬಲಕ್ಕೆ, ಉಪ್ಪು ಬಲಕ್ಕೆ. ಅವರ ಕಣ್ಣಿಗೆ ಏನೂ ವ್ಯತ್ಯಾಸ ಇಲ್ಲ. ಎಲೆ ಮುಂದೆ ಕೂತು ಊಟ ಮಾಡಿ ಬೆಳೆದವರಿಗೆ ಒಂದೇ ನೋಟಕ್ಕೆ ಕಸಿವಿಸಿ ಆಗುತ್ತದೆ. ಅಂದಿನಿಂದ ಎಲೆ ಊಟದ ಚಿತ್ರ ಮಗುಚಬಾರದು ಅಂತ ಮೊದಲೇ ಬರೆದು ಕೊಡುತ್ತೇನೆ. ಒಣ ಮೆಣಸಿನಕಾಯಿಯೂ ಅಷ್ಟೇ, ದಿನಸಿ ಸಗಟು ಅಂಗಡಿಯಲ್ಲೇ ವಾಸಿ. ಕ್ಯಾಮೆರಾಗೆ ಬ್ಯಾಡಗಿಯೇ ಬೇಕು. ಆ ಸುಕ್ಕು, ಆ ಗಾಢ ಕೆಂಪು ಬೇರೆ ಮೆಣಸಿನಕಾಯಿಗೆ ಬರುವುದಿಲ್ಲ.

ತಂದದ್ದನ್ನು ಕಾಪಾಡುವುದು ಅರ್ಧ ಕೆಲಸ. ಟೊಮೆಟೊ, ಪ್ಲಮ್, ನಿಂಬೆಹಣ್ಣು ಇವನ್ನು ಮೊಟ್ಟೆ ಟ್ರೇಯಲ್ಲಿ ಒಂದಕ್ಕೊಂದು ತಾಗದ ಹಾಗೆ ಜೋಡಿಸಿ ತನ್ನಿ. ಆ ಟ್ರೇ ಅಲ್ಲೇ ಪಕ್ಕದ ಮೊಟ್ಟೆ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಶೂಟ್ ದಿನ ಬೆಳಗ್ಗೆ ಫ್ರಿಜ್ಜಿನಿಂದ ನೇರ ತೆಗೆದು ಇಡಬೇಡಿ. ತಣ್ಣಗಿನ ಹಣ್ಣು ತನ್ನಷ್ಟಕ್ಕೇ ಬೆವರುತ್ತದೆ, ಆ ನೀರು ಒಂದಕ್ಕೊಂದು ಕೂಡಿ ಧಾರೆಯಾಗಿ ಇಳಿದುಬಿಡುತ್ತದೆ. ಹಣ್ಣು ರೂಮಿನ ಬಿಸಿಗೆ ಬಂದ ಮೇಲೆ ಮೈ ಒರೆಸಿ, ಮೆಡಿಕಲ್ ಸ್ಟೋರಿನ ಗ್ಲಿಸರಿನ್‌ಗೆ ಅಷ್ಟೇ ನೀರು ಬೆರೆಸಿ ಸಿಂಪಡಿಸಿದರೆ ಹನಿಗಳು ಕೂತ ಜಾಗ ಬಿಟ್ಟು ಕದಲುವುದಿಲ್ಲ. ಗ್ಲಿಸರಿನ್ ತಾಗಿದ ಹಣ್ಣನ್ನು ಬೇರೆ ಡಬ್ಬಿಗೆ ಹಾಕಿ, ತಿನ್ನಬಾರದು ಅಂತ ಮೇಲೆ ದೊಡ್ಡದಾಗಿ ಬರೆದಿಡಿ. ಉಳಿದ ಒಳ್ಳೆಯ ಹಣ್ಣು ತರಕಾರಿಯನ್ನು ಲೈಟ್ ಹುಡುಗರಿಗೂ ಸೆಟ್ ಗುಡಿಸುವ ಅಮ್ಮನಿಗೂ ಪ್ಯಾಕಪ್ ಆಗುವ ಮೊದಲೇ ಹಂಚಿಬಿಡಿ. ಆಮೇಲೆ ಅಂದರೆ ಎಲ್ಲರೂ ಹೊರಟುಹೋಗಿರುತ್ತಾರೆ, ಪದಾರ್ಥ ಹಾಳು.

ಹೋಗುವವರಿಗೆ ಕೊನೆಯ ಮಾತು. ಕಾರು ತಗೊಂಡು ಹೋಗಬೇಡಿ, ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಸೊಪ್ಪು ಬಾಡುತ್ತದೆ. ಬಸ್ ಸ್ಟ್ಯಾಂಡ್ ಹತ್ತಿರದಲ್ಲೇ ಇದೆ, ವಾಪಸ್ ಬರುವಾಗ ಆಟೋ ಮಾಡಿ. ನೆಲ ಒದ್ದೆ ಇರುತ್ತದೆ, ಜಾರದ ಚಪ್ಪಲಿ ಹಾಕಿ. ಸೆಪ್ಟೆಂಬರ್ ಮೊದಲ ವಾರದಲ್ಲಿ ಪಕ್ಕದ ಸೇಂಟ್ ಮೇರೀಸ್ ಬೆಸಿಲಿಕಾದ ಹಬ್ಬ, 8ನೇ ತಾರೀಖಿನವರೆಗೂ ಕಾಲಿಡಲು ಜಾಗ ಇರುವುದಿಲ್ಲ. ಆ ದಿನಗಳಲ್ಲಿ ಶೂಟ್ ಇದ್ದರೆ ಮುಂಚೆಯೇ ಹೇಳಿಟ್ಟು ಬೇರೆ ಕಡೆ ತರಿಸಿ. ರಂಜಾನ್ ತಿಂಗಳಲ್ಲಿ ಉಪವಾಸ ಬಿಡುವ ಹೊತ್ತಿಗೆ ಹಣ್ಣಿಗೆ ಭಾರಿ ಗಿರಾಕಿ, ಆಗ ಬೆಳಗ್ಗೆಯೇ ಹೋಗಿ. ಭಾನುವಾರ ಬೇಡ. ವಾರದ ಮಧ್ಯೆ, ಅಂಗಡಿ ತೆರೆದು ಬಾಕ್ಸ್ ಒಡೆಯುವ ಹೊತ್ತಿಗೆ ಅಲ್ಲಿದ್ದರೆ ನೀವೂ ನಿಧಾನವಾಗಿ ನೋಡಬಹುದು, ಅವರಿಗೂ ಮಾತಾಡಲು ಪುರಸೊತ್ತು ಇರುತ್ತದೆ. ಬಿಲ್ ಅಂದರೆ ಚೀಟಿಯಲ್ಲಿ ಬರೆದು ಕೊಡುತ್ತಾರೆ ಅಷ್ಟೇ, ಅದು ನಡೆಯುತ್ತದಾ ಅಂತ ನಿಮ್ಮ ಪ್ರೊಡಕ್ಷನ್‌ನವರನ್ನು ಹೊರಡುವ ಮೊದಲೇ ಕೇಳಿಕೊಳ್ಳಿ.