ಬಣ್ಣ ಹಚ್ಚದ ಆಂಪ್ ಬೇಕಿದ್ದರೆ: ಕಟಾನಾ, ಟಿಎಚ್‌ಆರ್, ಪವರ್ಡ್ ಸ್ಪೀಕರ್

ಬದಿಯಡ್ಕ, ನೀರ್ಚಾಲು ಕಡೆ ಭಜನೆ, ಗಾನಮೇಳ ಅಂತ ಗಿಟಾರ್ ಹಿಡಿದು ಹೋಗುವ ನಮ್ಮಂಥವರ ಹತ್ತಿರ ಆಂಪ್ (ವಾದ್ಯದ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಇರುವುದು ಒಂದೇ. ಅದಕ್ಕೆ ಸಿಕ್ಕಿಸುವ ವಾದ್ಯ ಮಾತ್ರ ಬೇರೆ ಬೇರೆ. ಒಂದು ದಿನ ಎಲೆಕ್ಟ್ರಿಕ್ ಗಿಟಾರ್, ಇನ್ನೊಂದು ದಿನ ಪಿಯೆಜೋ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ) ಇರುವ ಅಕೌಸ್ಟಿಕ್, ನಡುವೆ ಯಾರದೋ ಮ್ಯಾಂಡೊಲಿನ್. ನನಗೆ ಮಾರ್ಷಲ್, ಫೆಂಡರ್‌ನಂಥ ಹೆಸರಾಂತ ಆಂಪ್‌ಗಳ ಸದ್ದಿನ ನಕಲು ಬೇಕಿರಲಿಲ್ಲ. ವಾದ್ಯದ ಸದ್ದನ್ನು ಇದ್ದ ಹಾಗೇ ದೊಡ್ಡದು ಮಾಡಿಕೊಟ್ಟರೆ ಸಾಕು. ಬೇರೆ ಆಂಪ್‌ಗಳ ಸದ್ದನ್ನು ಡಿಜಿಟಲ್ ಆಗಿ ಅನುಕರಿಸುವ ಮಾಡೆಲಿಂಗ್ ಆಂಪ್‌ನಿಂದ ಅದು ಆಗುತ್ತಾ ಅಂತ ನೋಡಲು ಬಾಸ್ ಕಂಪೆನಿಯ ಕಟಾನಾ-50 ಎಂಕೆ2, ಯಮಾಹಾ ಟಿಎಚ್‌ಆರ್10, ಒಂದು 10 ಇಂಚಿನ ಪವರ್ಡ್ ಸ್ಪೀಕರ್ (ಒಳಗೇ ಆಂಪ್ ಇರುವ, ಮೈಕ್ ಸೆಟ್‌ನ ಬಗೆಯದು) ಅಕ್ಕಪಕ್ಕ ಇಟ್ಟು ನುಡಿಸಿದೆ.

ಕಟಾನಾದ ಕ್ಲೀನ್ ಚಾನೆಲ್‌ನಲ್ಲಿ ಸದ್ದು ಒಡೆಯುವುದಿಲ್ಲ, ನಿಜ. ಆದರೆ ಅದಕ್ಕೂ ತನ್ನದೇ ಒಂದು ಗುಣ ಇದೆ. ಇಲ್ಲೊಂದು ವಿಷಯ ಹೇಳಿಬಿಡುತ್ತೇನೆ. ಎಲ್ಲ ಗುಂಡಿಗಳನ್ನೂ 5ರಲ್ಲಿಟ್ಟರೆ ಫ್ಲಾಟ್ (ಯಾವ ಸದ್ದೂ ಏರದೆ ಇಳಿಯದೆ ಸಮ) ಅಂತ ತುಂಬ ಜನ ನಂಬಿದ್ದಾರೆ. ಹಳೆಯ ಫೆಂಡರ್‌ಗಳ ಟೋನ್ ಸರ್ಕ್ಯೂಟಿನಲ್ಲಿ ಹಾಗಿಟ್ಟರೆ ಮಿಡ್ (ನಡುವಿನ ಸದ್ದು) ತಗ್ಗಿಯೇ ಇರುತ್ತದೆ. ಬಾಸ್ (ಕೆಳಗಿನ ಸದ್ದು), ಟ್ರೆಬಲ್ (ಮೇಲಿನ ಸದ್ದು) ಪೂರ್ತಿ ಇಳಿಸಿ ಮಿಡ್ ಪೂರ್ತಿ ಏರಿಸಿದಾಗಲೇ ಫ್ಲಾಟ್‌ಗೆ ಹತ್ತಿರ ಬರುವುದು. ಫೆಂಡರ್ ಮಾದರಿ ಇರುವ ಯಾವ ಮಾಡೆಲಿಂಗ್ ಆಂಪ್‌ನಲ್ಲಾದರೂ ಸುಮ್ನೆ ಒಮ್ಮೆ ಮಾಡಿ ನೋಡಿ.

ಇದಕ್ಕಿಂತ ನೇರ ದಾರಿ ಕಟಾನಾದ ಹಿಂಬದಿಯಲ್ಲಿದೆ: ಪವರ್ ಆಂಪ್ ಇನ್, ಅಂದರೆ ಸದ್ದು ದೊಡ್ಡದು ಮಾಡುವ ಕೊನೆಯ ಹಂತಕ್ಕೆ ನೇರ ಹೋಗುವ ಜಾಕ್. ಪ್ರಿಆಂಪ್ (ಸಂಕೇತವನ್ನು ಮೊದಲು ಬಲಪಡಿಸುವ) ಪೆಡಲ್‌ನಿಂದ ಅಲ್ಲಿಗೆ ಕೊಟ್ಟರೆ ಒಳಗಿನ ಮಾದರಿಗಳೆಲ್ಲ ಪಕ್ಕಕ್ಕೆ ಸರಿಯುತ್ತವೆ. ಎಲೆಕ್ಟ್ರಿಕ್ ಗಿಟಾರ್ ಚೆನ್ನಾಗಿ ಕೇಳಿಸಿತು. ಅಕೌಸ್ಟಿಕ್ ಸಿಕ್ಕಿಸಿದ ಕೂಡಲೇ ತೊಂದರೆ ಗೊತ್ತಾಯಿತು. ಪಿಕ್ ತಂತಿಗೆ ತಾಗುವ ಆ ಸಣ್ಣ ‘ಚಿಕ್’ ಸದ್ದೇ ಇಲ್ಲ. ಕಾರಣ ಸ್ಪೀಕರ್. ಅದರಲ್ಲಿರುವುದು 12 ಇಂಚಿನ ಗಿಟಾರ್ ಸ್ಪೀಕರ್, ಟ್ವೀಟರ್ (ಮೇಲಿನ ಸದ್ದಿನ ಸಣ್ಣ ಸ್ಪೀಕರ್) ಇಲ್ಲ. ಇಂಥ ಸ್ಪೀಕರ್‌ಗಳು 5 ಕಿಲೋಹರ್ಟ್ಸ್ ದಾಟಿದ ಮೇಲೆ ಬೇಗ ಸೋಲುತ್ತವೆ. ಡಿಜಿಟಲ್ ಭಾಗವನ್ನು ಎಷ್ಟು ಬದಿಗಿಟ್ಟರೂ ಈ ಕೊನೆಯ ಬಣ್ಣ ಹೋಗುವುದಿಲ್ಲ.

ಟಿಎಚ್‌ಆರ್10ರಲ್ಲಿ ‘ಫ್ಲಾಟ್’ ಅಂತಲೇ ಒಂದು ಆಯ್ಕೆ ಇದೆ. ಸ್ಪೀಕರ್‌ಗಳು 8 ಸೆಂಟಿಮೀಟರಿನ ಎರಡು ಪುಟಾಣಿಗಳು, ಸಂಗೀತ ಕೇಳುವುದಕ್ಕೂ ಆಗುವಂಥವು. ಮ್ಯಾಂಡೊಲಿನ್‌ನ ಒಂದೊಂದು ಹೊಡೆತವೂ ಬಿಡಿಬಿಡಿಯಾಗಿ ಕೇಳಿಸಿತು. ಎಂಟು ಪೆನ್ ಸೆಲ್ ಹಾಕಿದರೆ ಕರೆಂಟ್ ಹೋದರೂ ನುಡಿಸಬಹುದು. ನಮ್ಮೂರ ಮಳೆಗಾಲಕ್ಕೆ ಇದು ಸಣ್ಣ ಮಾತಲ್ಲ. ಆದರೆ 10 ವಾಟ್ ಅಷ್ಟೇ. ಹಾರ್ಮೋನಿಯಂ, ತಬಲಾ, ತಾಳ ಶುರುವಾದರೆ ಅದು ಇದೆಯೋ ಇಲ್ಲವೋ ಗೊತ್ತಾಗದು.

ನನ್ನ ಕಿವಿಗೆ ಎಲ್ಲಕ್ಕಿಂತ ಪ್ರಾಮಾಣಿಕ ಅನಿಸಿದ್ದು ಪವರ್ಡ್ ಸ್ಪೀಕರ್. ಆದರೆ ಅದಕ್ಕೆ ದಾಕ್ಷಿಣ್ಯ ಇಲ್ಲ. ಎಲೆಕ್ಟ್ರಿಕ್ ಗಿಟಾರನ್ನು ಸದ್ದು ಒಡೆಸುವ ಡ್ರೈವ್ ಪೆಡಲ್ ಜೊತೆ ನೇರ ಕೊಟ್ಟರೆ ಕಣಜದ ಹುಳ ಕಿವಿಗೆ ಹೊಕ್ಕ ಹಾಗಾಗುತ್ತದೆ. ಅಲ್ಲಿ ಕ್ಯಾಬಿನೆಟ್ ಸಿಮ್ಯುಲೇಶನ್ (ಗಿಟಾರ್ ಸ್ಪೀಕರ್ ಪೆಟ್ಟಿಗೆಯ ಸದ್ದಿನ ನಕಲು) ಬೇಕೇ ಬೇಕು. ಇನ್ನೊಂದು, ಪವರ್ಡ್ ಸ್ಪೀಕರಿನ ಲೈನ್ ಇನ್‌ಪುಟ್‌ಗೆ ಪಿಕಪ್‌ನ ವಯರ್ ನೇರ ಸಿಕ್ಕಿಸಬೇಡಿ. ಆ ಇನ್‌ಪುಟ್‌ನ ಇಂಪಿಡೆನ್ಸ್ (ಸಂಕೇತಕ್ಕೆ ಒಡ್ಡುವ ತಡೆ) ಸಾಮಾನ್ಯವಾಗಿ 10 ಕಿಲೋಓಮ್ ಆಸುಪಾಸು, ಗಿಟಾರ್ ಆಂಪ್‌ನದ್ದು 1 ಮೆಗಾಓಮ್. ಒಳಗೆ ಪ್ರಿಆಂಪ್ ಇಲ್ಲದ ಪಿಯೆಜೋ ಆದರೆ ಬಾಸ್ ಸೋರಿಹೋಗಿ ತಗಡಿನ ಸದ್ದು ಬರುತ್ತದೆ, ಮ್ಯಾಗ್ನೆಟಿಕ್ ಆದರೆ ಟ್ರೆಬಲ್ ಮಂಕಾಗುತ್ತದೆ. ನಡುವೆ ಒಂದು ಆ್ಯಕ್ಟಿವ್ ಡಿಐ ಬಾಕ್ಸ್ (ವಾದ್ಯದ ಸಂಕೇತವನ್ನು ಮಿಕ್ಸರ್, ಸ್ಪೀಕರ್‌ಗೆ ಹೊಂದಿಸುವ ಪುಟ್ಟ ಪೆಟ್ಟಿಗೆ) ಇಟ್ಟರೆ ಮುಗಿಯಿತು.

ಕ್ಲೀನ್ ಅಂದ ಕೂಡಲೇ ರೋಲ್ಯಾಂಡ್ ಜೆಸಿ-120 ಹೆಸರು ಬರುತ್ತದೆ ಅಲ್ವಾ? 1975ರಿಂದ ಇರುವ ಆಂಪ್, ಚೆಂದದ ಸದ್ದು. ಆದರೆ 28 ಕಿಲೋ ತೂಕ, ಸ್ಕೂಟರಿಗೆ ಆಗುವ ಮಾತಲ್ಲ. ಅದರಲ್ಲೂ ಟ್ವೀಟರ್ ಇಲ್ಲ.

ಈಗ ಎಲೆಕ್ಟ್ರಿಕ್ ಮತ್ತು ಪೆಡಲ್‌ಗಳಿಗೆ ಕಟಾನಾ, ಅಕೌಸ್ಟಿಕ್ ಮತ್ತು ಮ್ಯಾಂಡೊಲಿನ್‌ಗೆ ಡಿಐ ಜೊತೆ ಪವರ್ಡ್ ಸ್ಪೀಕರ್ ಒಯ್ಯುತ್ತೇನೆ. ಒಂದನ್ನೇ ಕೊಳ್ಳುವುದಾದರೆ ಸ್ಪೀಕರ್ ಕೊಳ್ಳಿ ಅನ್ನುತ್ತೇನೆ, ಹಾಡುವವರ ಮೈಕಿಗೂ ಆಯಿತು. ಕಟಾನಾ ಇಟ್ಟುಕೊಂಡೇ ಅಕೌಸ್ಟಿಕ್ ನುಡಿಸುವವರು ಅದರ ಫೋನ್ಸ್ ಔಟ್‌ನಿಂದ (ಹೆಡ್‌ಫೋನ್ ಜಾಕ್) ಮಿಕ್ಸರ್‌ಗೆ ಕೊಡಬೇಡಿ, ಅಲ್ಲಿ ಗಿಟಾರ್ ಕ್ಯಾಬಿನೆಟ್‌ನ ನಕಲು ಸೇರಿಕೊಂಡೇ ಬರುತ್ತದೆ. ಡಿಐ ಬಾಕ್ಸಿನಿಂದ ಎರಡು ದಾರಿ ಮಾಡಿ, ಒಂದು ಆಂಪ್‌ಗೆ, ಒಂದು ಮೈಕ್ ಸೆಟ್‌ನವರಿಗೆ.